ಎಂಪ್ಲಾಯರ್ ಆಫ್ ರೆಕಾರ್ಡ್: ಪತ್ರ ಒಂದು ಕಂಪನಿಯದು, ಕೆಲಸ ಇನ್ನೊಂದರದು

ಕಾರಟಗಿಯ ರೈತರೊಬ್ಬರು ಮಗಳ ನೇಮಕಾತಿ ಪತ್ರವನ್ನು ಹಿಡಿದುಕೊಂಡು ಗಂಗಾವತಿಯಲ್ಲಿರುವ ನನ್ನ ಲೆಕ್ಕಪತ್ರದ ಕಚೇರಿಗೆ ಬಂದಿದ್ದರು. ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಮಗಳು ದುಡಿಯುವ ಕಂಪನಿಯ ಹೆಸರು ಕೇಳಿದ್ದರಂತೆ. "ಸರ, ಮಗಳು ದುಡಿಯೋದು ಹಾಲೆಂಡಿನ ಕಂಪನಿಗೆ. ಪತ್ರದಾಗ ನೋಡಿದ್ರ ಬೆಂಗಳೂರಿನ ಬ್ಯಾರೆ ಕಂಪನಿ ಹೆಸರೈತಿ. ಇದರಾಗ ಏನೂ ಮೋಸ ಇಲ್ಲಲ್ರಿ?" ಎಂದು ಅವರು ಕೇಳಿದರು. ಮೋಸವಿರಲಿಲ್ಲ. ಪತ್ರದಲ್ಲಿದ್ದ ಬೆಂಗಳೂರಿನ ಕಂಪನಿಯು ಇಂಗ್ಲಿಷಿನಲ್ಲಿ 'ಎಂಪ್ಲಾಯರ್ ಆಫ್ ರೆಕಾರ್ಡ್' ಎಂದು, ಚಿಕ್ಕದಾಗಿ ಇ.ಒ.ಆರ್. ಎಂದು ಕರೆಯಲ್ಪಡುವ ಸಂಸ್ಥೆಯಾಗಿತ್ತು.

ಒಂದು ದೇಶದ ಕಂಪನಿಯು ಇನ್ನೊಂದು ದೇಶದಲ್ಲಿ ತನ್ನದೇ ಶಾಖೆಯನ್ನು ತೆರೆಯದೆ ಅಲ್ಲಿನವರಿಂದ ಕೆಲಸ ಮಾಡಿಸಿಕೊಳ್ಳಲು ಬಯಸಿದಾಗ, ಆ ನೌಕರರನ್ನು ಕಾನೂನಿನ ಲೆಕ್ಕದಲ್ಲಿ ತನ್ನ ನೌಕರರನ್ನಾಗಿ ನೇಮಿಸಿಕೊಂಡು, ಸಂಬಳ, ತೆರಿಗೆ ಕಡಿತ, ಭವಿಷ್ಯ ನಿಧಿ (ಪಿಎಫ್), ರಜೆ ಇವೆಲ್ಲವನ್ನೂ ಆ ದೇಶದ ಕಾಯ್ದೆಯ ಪ್ರಕಾರ ನಿರ್ವಹಿಸುವ ಮೂರನೆಯ ಸಂಸ್ಥೆಯೇ ಎಂಪ್ಲಾಯರ್ ಆಫ್ ರೆಕಾರ್ಡ್. ಯಾವ ಕೆಲಸ ಮಾಡಬೇಕು, ಯಾವಾಗ ಮುಗಿಸಬೇಕು, ಬಡ್ತಿ ಯಾರಿಗೆ ಎಂಬುದನ್ನೆಲ್ಲ ನಿರ್ಧರಿಸುವುದು ವಿದೇಶಿ ಕಂಪನಿಯೇ. ಅದು ಪ್ರತಿ ತಿಂಗಳೂ ಸಂಬಳದ ಮೊತ್ತವನ್ನು, ಉದ್ಯೋಗದಾತರ ಪಾಲಿನ ವಂತಿಗೆಗಳನ್ನು ಮತ್ತು ತಲೆಗಿಷ್ಟು ಎಂಬ ಸೇವಾಶುಲ್ಕವನ್ನು ಮೂರನೆಯ ಸಂಸ್ಥೆಗೆ ಕಟ್ಟುತ್ತದೆ. ಈ ವ್ಯವಹಾರದಲ್ಲಿ ಇಂದು ಜಗತ್ತಿನಾದ್ಯಂತ ಹೆಸರು ಮಾಡಿರುವ ಡೀಲ್ ಮತ್ತು ರಿಮೋಟ್ ಎಂಬ ಕಂಪನಿಗಳೆರಡೂ 2019ರಲ್ಲಿ ಆರಂಭವಾದವು. ಕನ್ನಡದಲ್ಲಿ ಇದಕ್ಕೆ ನೆಲೆಗೊಂಡ ಪದವಿಲ್ಲ. 'ದಾಖಲೆಯ ಉದ್ಯೋಗದಾತ' ಎನ್ನುವುದು ಅರ್ಥಕ್ಕೆ ಹತ್ತಿರವಾಗಿದೆ ಎಂದು ನನಗನ್ನಿಸುತ್ತದೆ.

'ದಾಖಲೆ' ಎಂಬ ಮಾತಿನ ತೂಕ ನಮ್ಮ ಭಾಗದ ರೈತರಿಗೆ ಚೆನ್ನಾಗಿ ಗೊತ್ತು. ತುಂಗಭದ್ರಾ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಪಹಣಿಯಲ್ಲಿ ಹೆಸರಿರುವವರು ಒಬ್ಬರು, ಲೀಜಿಗೆ ಹಿಡಿದು ನಾಟಿ ಮಾಡುವವರು ಇನ್ನೊಬ್ಬರು ಆಗಿರುವುದು ಸಾಮಾನ್ಯ. ಬೆಳೆ ಹಾಳಾಗಿ ಪರಿಹಾರ ಬಂದಾಗ ಸರ್ಕಾರ ಮೊದಲು ನೋಡುವುದು ಪಹಣಿಯನ್ನು. ಹಾಗೆಯೇ ನೌಕರರ ವಿಷಯದಲ್ಲಿ ಆದಾಯ ತೆರಿಗೆ ಇಲಾಖೆ, ಭವಿಷ್ಯ ನಿಧಿ ಕಚೇರಿ ಮತ್ತು ಕಾರ್ಮಿಕ ಇಲಾಖೆ ನೋಡುವುದು ದಾಖಲೆಯಲ್ಲಿರುವ ಉದ್ಯೋಗದಾತರ ಹೆಸರನ್ನು. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ಪಹಣಿದಾರರಿಗೆ ಹೊಲದ ಮೇಲೆ ಒಡೆತನವಿದೆ. ದಾಖಲೆಯ ಉದ್ಯೋಗದಾತರಿಗೆ ನೌಕರಳ ದುಡಿಮೆಯ ಫಲದಲ್ಲಿ ಶುಲ್ಕವನ್ನು ಬಿಟ್ಟರೆ ಬೇರೆ ಪಾಲಿಲ್ಲ.

ವಿದೇಶಿ ಕಂಪನಿಗಳು ಈ ದಾರಿ ಹಿಡಿಯುವುದೇಕೆಂದರೆ, ಒಬ್ಬಿಬ್ಬರಿಗಾಗಿ ಭಾರತದಲ್ಲಿ ಕಂಪನಿ ನೋಂದಾಯಿಸಿ, ಪ್ಯಾನ್, ತೆರಿಗೆ ಕಡಿತಕ್ಕೆ ಬೇಕಾದ ಟ್ಯಾನ್, ಪಿಎಫ್ ಸಂಖ್ಯೆಗಳನ್ನು ಪಡೆದು, ವರ್ಷವರ್ಷವೂ ಲೆಕ್ಕ ಸಲ್ಲಿಸುವುದು ಅವುಗಳಿಗೆ ಹೊರೆಯಾಗುತ್ತದೆ. ಇದಕ್ಕೂ ಮೊದಲು ಅವು ಬಳಸುತ್ತಿದ್ದ ಸುಲಭದ ದಾರಿಯೆಂದರೆ, ಇಲ್ಲಿನವರನ್ನು ನೌಕರರೆನ್ನದೆ 'ಸ್ವತಂತ್ರ ಗುತ್ತಿಗೆದಾರ' ಎಂದು ಬರೆದುಕೊಂಡು ಡಾಲರ್ ಕಳುಹಿಸಿಬಿಡುವುದು. ಆ ದಾರಿ ಈಗಲೂ ಇದೆ. ಅದರಲ್ಲಿ ಪಿಎಫ್ ಇಲ್ಲ, ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಗ್ರಾಚ್ಯುಟಿ ಇಲ್ಲ, ಹೆರಿಗೆ ರಜೆಯ ಹಕ್ಕಿಲ್ಲ, ಮುಂಗಡ ತೆರಿಗೆಯನ್ನು ಅವರೇ ಲೆಕ್ಕ ಹಾಕಿ ಕಟ್ಟಬೇಕು. ದಿನವಿಡೀ ಒಂದೇ ಕಂಪನಿಯ ಅಪ್ಪಣೆಯಲ್ಲಿ ಕೆಲಸ ಮಾಡುವವರನ್ನು ಗುತ್ತಿಗೆದಾರರೆಂದು ಕರೆಯುವುದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ, ಮತ್ತು ಅನೇಕ ದೇಶಗಳ ಕಾನೂನು ಅದನ್ನು ತಪ್ಪು ವರ್ಗೀಕರಣವೆಂದು ಪರಿಗಣಿಸಿ ದಂಡ ವಿಧಿಸುತ್ತದೆ.

ದಾಖಲೆಯ ಉದ್ಯೋಗದಾತರ ಮೂಲಕ ಬಂದ ನೌಕರಿಯಲ್ಲಿ ಭಾರತದ ನೌಕರರಿಗೆ ದೊರೆಯಬೇಕಾದದ್ದೆಲ್ಲ ದೊರೆಯಬೇಕು. ಪಿಎಫ್‌ಗೆ ನೌಕರರಿಂದ ವೇತನದ ಶೇ. 12, ಉದ್ಯೋಗದಾತರಿಂದ ಅಷ್ಟೇ ಮೊತ್ತ ಸೇರುತ್ತದೆ. ಆದರೆ 2014ರಲ್ಲಿ ನಿಗದಿಯಾದ 15,000 ರೂಪಾಯಿಯ ವೇತನ ಮಿತಿಯನ್ನು ಆಧರಿಸಿ, ಸಂಬಳ ಎಷ್ಟೇ ಇದ್ದರೂ ತಿಂಗಳಿಗೆ 1,800 ರೂಪಾಯಿ ಮಾತ್ರ ಕಟ್ಟುವ ರೂಢಿಯೂ ಬೆಳೆದಿದೆ. ಉದ್ಯೋಗದಾತರ ಪಾಲನ್ನು ಒಪ್ಪಿಕೊಂಡ ವಾರ್ಷಿಕ ಮೊತ್ತದೊಳಗಿನಿಂದಲೇ ತೆಗೆಯುತ್ತಾರೋ ಅಥವಾ ಅದರ ಮೇಲೆ ಕೊಡುತ್ತಾರೋ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಬೇಕು. ಮಾತುಕತೆ ಡಾಲರಿನಲ್ಲೋ ಯೂರೋದಲ್ಲೋ ನಡೆದು ಪತ್ರ ರೂಪಾಯಿಯಲ್ಲಿ ಬಂದಿದ್ದರೆ, ಯಾವ ದಿನದ ವಿನಿಮಯ ದರ ಹಿಡಿದರೆಂಬುದನ್ನೂ ಕೇಳಬೇಕು. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ನಿಗದಿತ ಅವಧಿಯ ನೌಕರರಿಗೆ ಐದು ವರ್ಷದ ಬದಲು ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ. ಈ ಬಗೆಯ ಪತ್ರಗಳು ಅನೇಕವೇಳೆ ನಿಗದಿತ ಅವಧಿಗೇ ಇರುವುದರಿಂದ ಇದು ಸಣ್ಣ ಮಾತಲ್ಲ. ಕೆಲಸದಿಂದ ತೆಗೆದರೂ, ನೌಕರರೇ ಬಿಟ್ಟರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಅವುಗಳಲ್ಲೊಂದಾದ ವೇತನ ಸಂಹಿತೆ ಹೇಳುತ್ತದೆ. ಹಾಗೆ ಕೊಡಬೇಕಾದವರು ಹಾಲೆಂಡಿನವರಲ್ಲ, ಪತ್ರಕ್ಕೆ ಸಹಿ ಹಾಕಿದವರು.

ಇಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನೋ ಶಕ್ತಿನಗರದ ವಿದ್ಯುತ್ ಸ್ಥಾವರವನ್ನೋ ಬಲ್ಲವರು, 'ಇದು ನಮ್ಮ ಲೇಬರ್ ಕಾಂಟ್ರ್ಯಾಕ್ಟರ್ ಪದ್ಧತಿಯೇ ಅಲ್ಲವೇ' ಎಂದು ಕೇಳುತ್ತಾರೆ. ಹೊರನೋಟಕ್ಕೆ ಹೌದು. ಆದರೆ ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ 1970ರ ಕಾಯ್ದೆಯೂ, ಅದರ ಜಾಗಕ್ಕೆ ಬಂದ ಸಂಹಿತೆಯೂ 'ಪ್ರಧಾನ ಉದ್ಯೋಗದಾತ' ಎಂಬ ಹೊಣೆಗಾರರನ್ನು ಗುರುತಿಸಿವೆ. ಕಾಂಟ್ರ್ಯಾಕ್ಟರ್ ಕೂಲಿ ಕೊಡದಿದ್ದರೆ ಕಾರ್ಖಾನೆಯವರೇ ಕೊಡಬೇಕು, ಆ ಕಾರ್ಖಾನೆ ಕಣ್ಣೆದುರಿಗೇ ಇದೆ. ದಾಖಲೆಯ ಉದ್ಯೋಗದಾತರ ವ್ಯವಸ್ಥೆಯಲ್ಲಿ ಕೆಲಸ ಮಾಡಿಸಿಕೊಂಡವರು ಸಮುದ್ರದಾಚೆ ಇರುತ್ತಾರೆ, ಕೊಪ್ಪಳದ ಕಾರ್ಮಿಕ ಅಧಿಕಾರಿಯ ನೋಟಿಸು ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಆದ್ದರಿಂದ ಮಧ್ಯದ ಸಂಸ್ಥೆ ಎಷ್ಟು ಗಟ್ಟಿ ಎಂಬುದು ನೌಕರರಿಗೆ ವಿದೇಶಿ ಕಂಪನಿಯ ಹೆಸರಿಗಿಂತ ಮುಖ್ಯವಾಗುತ್ತದೆ.

ವಿದೇಶಿ ಕಂಪನಿಗೂ ತಿಳಿದಿರಬೇಕಾದ ಒಂದು ಸೂಕ್ಷ್ಮವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ನೌಕರಿಯ ಭಾಗವಾಗಿ ರಚಿಸಿದ ಕೃತಿಗೆ ಬೇರೆ ಒಪ್ಪಂದವಿಲ್ಲದಿದ್ದರೆ ಮೊದಲ ಒಡೆತನ ಉದ್ಯೋಗದಾತರದು. ಸಾಫ್ಟ್‌ವೇರ್ ಬರೆಯುವ ಕಾರಟಗಿಯ ಹುಡುಗಿಗೆ ಉದ್ಯೋಗದಾತರು ದಾಖಲೆಯಲ್ಲಿ ಬೆಂಗಳೂರಿನವರು, ಹಾಗಾಗಿ ಆ ಸಾಫ್ಟ್‌ವೇರ್‌ನ ಒಡೆತನ ಅವರಿಂದ ಹಾಲೆಂಡಿನ ಕಂಪನಿಗೆ ಬರವಣಿಗೆಯ ಮೂಲಕವೇ ವರ್ಗವಾಗಬೇಕು. ಆ ಬರವಣಿಗೆಯಲ್ಲಿ ಅವಧಿಯನ್ನು ಹೇಳದಿದ್ದರೆ 19ನೇ ಕಲಮು ಅದನ್ನು ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸುತ್ತದೆ.

ಈ ವ್ಯವಸ್ಥೆ ಹೊರಗಿನಿಂದ ಒಳಕ್ಕೆ ಮಾತ್ರ ನಡೆಯುವುದಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯವರೋ ಬಳ್ಳಾರಿಯ ಜೀನ್ಸ್ ತಯಾರಕರೋ ಜರ್ಮನಿಯಲ್ಲಿ ಮಾರಾಟ ಪ್ರತಿನಿಧಿಯೊಬ್ಬರನ್ನು ಇಟ್ಟುಕೊಳ್ಳಲು ಇದೇ ದಾರಿ ಹಿಡಿಯಬಹುದು. ಆದರೆ ನೌಕರರನ್ನು ಎರವಲು ಕೊಡುವ ಸಂಸ್ಥೆಗೆ ಜರ್ಮನಿಯಲ್ಲಿ ಪರವಾನಗಿ ಬೇಕು, ಒಬ್ಬರನ್ನು ಒಂದೇ ಕಂಪನಿಗೆ ಸಾಮಾನ್ಯವಾಗಿ 18 ತಿಂಗಳಿಗಿಂತ ಹೆಚ್ಚು ಕಾಲ ಎರವಲು ಕೊಡುವಂತಿಲ್ಲ. ಆ ಪ್ರತಿನಿಧಿ ಅಲ್ಲಿ ಗಿರಣಿಯ ಪರವಾಗಿ ಒಪ್ಪಂದಗಳನ್ನು ಮೇಲಿಂದ ಮೇಲೆ ಕುದುರಿಸತೊಡಗಿದರೆ, ಗಿರಣಿಗೆ ಅಲ್ಲಿಯೇ 'ಕಾಯಂ ನೆಲೆ' ಇದೆಯೆಂದು ಭಾವಿಸಿ ಲಾಭಕ್ಕೆ ತೆರಿಗೆ ಹಾಕುವ ಸಾಧ್ಯತೆಯೂ ಇದೆ. ಮಧ್ಯದಲ್ಲಿ ಇನ್ನೊಂದು ಸಂಸ್ಥೆ ಇದೆಯೆಂಬ ಮಾತ್ರಕ್ಕೆ ಆ ಅಪಾಯ ತಪ್ಪುವುದಿಲ್ಲ.

ಕಾರಟಗಿಯವರಿಗೆ ನಾನು ಮಗಳ ಸಂಬಳದ ಚೀಟಿಯನ್ನೂ ಪಿಎಫ್ ಪಾಸ್‌ಬುಕ್ಕಿನ ಪ್ರತಿಯನ್ನೂ ತರಿಸಲು ಹೇಳಿದೆ. ಮಗಳು ಅಂದೇ ಮೊಬೈಲಿಗೆ ಕಳುಹಿಸಿದಳು. ನೇಮಕಾತಿ ಪತ್ರದಲ್ಲಿದ್ದ ಹೆಸರೇ ಎರಡರಲ್ಲೂ ಇತ್ತು, ಪಿಎಫ್ ಹಣ ಪ್ರತಿ ತಿಂಗಳೂ ಜಮೆಯಾಗಿತ್ತು. ಬ್ಯಾಂಕಿನ ಅರ್ಜಿಯಲ್ಲಿ ಉದ್ಯೋಗದಾತರ ಜಾಗದಲ್ಲಿ ಆ ಬೆಂಗಳೂರಿನ ಕಂಪನಿಯ ಹೆಸರನ್ನೇ ಬರೆದುಕೊಟ್ಟೆ.