ಕತ್ತು ಬಿಗಿತ ಬೇರೆ, ಕತ್ತು ಹಿಡಿತ ಬೇರೆ

ಲಕ್ವ ಹೊಡೆದು ಮಲಗಿದವರಿಗೆ ಮೂರು ನಾಲ್ಕು ದಿನಕ್ಕೆ ಜ್ವರ ಬಂದು ಕತ್ತು ಆಡದಿದ್ದರೆ ಕೋಲಾರ, ಚಿಂತಾಮಣಿ ಕಡೆ ಮೊದಲು ಬಾಯಿಗೆ ಬರುವುದು ‘ಮೆದುಳು ಜ್ವರ’. ಭಯಕ್ಕೆ ಕಾರಣ ಇಲ್ಲದಿಲ್ಲ. 1970ರ ದಶಕದ ಕೊನೆಯಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಕಾಡಿದ ಸೀಮೆ ಇದು. ಚಿಂತಾಮಣಿ ಈಗಿರುವ ಚಿಕ್ಕಬಳ್ಳಾಪುರ ಆಗಿನ್ನೂ ಕೋಲಾರ ಜಿಲ್ಲೆಗೇ ಸೇರಿತ್ತು. ಹಾಗಂತ ಸೊಳ್ಳೆಯಿಂದ ಬರುವ ಆ ಕಾಯಿಲೆಯ ಹೆಸರನ್ನು ನೋಯುವ ಕತ್ತಿಗೆಲ್ಲ ಅಂಟಿಸಬಾರದು.

‘ಬಿಗಿತ’ ಅಂದರೆ ಒಂದೇ ಒಂದು ಲಕ್ಷಣ. ದಿಂಬು ತೆಗೆದು ಅಂಗಾತ ಮಲಗಿಸಿ, ಹಿಂದಲೆಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿದರೆ ಗದ್ದ ಎದೆಗೆ ತಾಗುವುದಿಲ್ಲ, ಕತ್ತು ಕೊರಡಿನ ಹಾಗೆ ನಿಲ್ಲುತ್ತದೆ. ಅಕ್ಕಪಕ್ಕ ಹೊರಳಿಸಿದರೆ ಸಾಮಾನ್ಯವಾಗಿ ಹೊರಳುತ್ತದೆ. ಮೆದುಳಿನ ಪೊರೆ ಕೆರಳಿದಾಗ ಹೀಗಾಗುತ್ತದೆ. ಎಡಕ್ಕೆ ಬಲಕ್ಕೆ ತಿರುಗಿಸಿದರೇ ಪ್ರಾಣ ಹೋಗುವಷ್ಟು ನೋವಿದ್ದರೆ ಅದು ‘ಹಿಡಿತ’, ಕೀಲನ್ನು ನೋಡಬೇಕು. ಲಕ್ವದ ವೇಳೆ ಬಿದ್ದು ಪೆಟ್ಟಾದ ಅನುಮಾನವಿದ್ದರೆ ಈ ಪರೀಕ್ಷೆ ಬೇಡವೇ ಬೇಡ.

ಹಿಡಿತದ ಹಿಂದಿದ್ದೂ ಎಷ್ಟೋ ಸಲ ವೈದ್ಯರ ಕಣ್ತಪ್ಪಿ ಹೋಗುವುದು ‘ಕ್ರೌನ್ಡ್ ಡೆನ್ಸ್ ಸಿಂಡ್ರೋಮ್’. ಡೆನ್ಸ್ ಅಂದರೆ ಲ್ಯಾಟಿನ್‌ನಲ್ಲಿ ಹಲ್ಲು. ಕತ್ತಿನ ಎರಡನೇ ಮೂಳೆಯಿಂದ ಗೂಟದಂತೆ ಮೇಲೆದ್ದ ಭಾಗಕ್ಕೆ ಆ ಹೆಸರು; ಬೀಸುವ ಕಲ್ಲಿನ ನಡುಗೂಟದ ಸುತ್ತ ಮೇಲಿನ ಕಲ್ಲು ತಿರುಗುವಂತೆ ಮೊದಲನೇ ಮೂಳೆ ಇದರ ಸುತ್ತ ತಿರುಗುತ್ತದೆ. ವಯಸ್ಸಾದವರಲ್ಲಿ ಇದರ ಸುತ್ತಲ ಅಸ್ಥಿರಜ್ಜುಗಳಲ್ಲಿ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳು ಕೂತು ಕಿರೀಟದಂತೆ ಕಾಣುತ್ತದೆ. ದೊಡ್ಡ ಕಾಯಿಲೆ ಬಿದ್ದಾಗ, ಮೈಯಲ್ಲಿ ನೀರು ಕಡಿಮೆಯಾದಾಗ ಹರಳು ಕೆರಳುತ್ತದೆ: ಜ್ವರ, ರಕ್ತದಲ್ಲಿ ಏರಿದ ಸಿಆರ್‌ಪಿ (ಉರಿಯೂತ ತೋರಿಸುವ ಅಂಶ), ತಿರುಗದ ಕತ್ತು. ಮಂಡಿ, ಮಣಿಕಟ್ಟನ್ನೂ ಮುಟ್ಟಿ ನೋಡಿ. ಊದಿ ಬಿಸಿಯಾಗಿದ್ದರೆ ಅದೇ ಸುಳಿವು.

ಲಕ್ವದ ದಿನ ತೆಗೆದ ತಲೆಯ ಸಿಟಿಯಲ್ಲಿ ಎಷ್ಟೋ ಸಲ ಈ ಭಾಗ ಪೂರ್ತಿ ಬಂದಿರುವುದಿಲ್ಲ, ಎಂಆರ್‌ಐಯಲ್ಲಿ ಸುಣ್ಣದ ಹರಳು ಸರಿಯಾಗಿ ಕಾಣುವುದಿಲ್ಲ. ಕತ್ತಿನ ಮೇಲ್ಭಾಗದ ತೆಳು ಸೀಳಿನ ಸಿಟಿಯನ್ನೇ ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ನಡೆಯುತ್ತಿರುವವರಿಗೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿಸಿದರೆ ಹೊಟ್ಟೆಯಲ್ಲಿ ರಕ್ತ ಒಸರಬಹುದು. ಅದಕ್ಕೇ ಕಿಡ್ನಿ ನೋಡಿಕೊಂಡು ಹರಳಿನ ಉರಿಯೂತ ಇಳಿಸುವ ಕಾಲ್ಚಿಸಿನ್, ಇಲ್ಲವೇ ಕೆಲವು ದಿನ ಸ್ಟಿರಾಯ್ಡ್.

ಆದರೆ ಕಿರೀಟ ಕಂಡ ಮಾತ್ರಕ್ಕೆ ಸೋಂಕಿಲ್ಲ ಅಂತಲ್ಲ. ಎಷ್ಟೋ ಮುದುಕರಲ್ಲಿ ಅದು ಸುಮ್ಮನೆ ಇರುತ್ತದೆ. ಗದ್ದ ಬಾಗದಿದ್ದರೆ, ಮಂಪರು ಹೆಚ್ಚುತ್ತಿದ್ದರೆ, ಬೆನ್ನುನೀರು ಪರೀಕ್ಷೆ ತಪ್ಪಿಸುವಂತಿಲ್ಲ. ಜ್ವರ ಮೊದಲೋ ಲಕ್ವ ಮೊದಲೋ ಎಂದು ಮನೆಯವರನ್ನು ಕೇಳಲೇಬೇಕು. ವಾರಗಟ್ಟಲೆ ಸಣ್ಣ ಜ್ವರ, ತಲೆನೋವು ಇದ್ದು ಆಮೇಲೆ ಕೈಕಾಲು ಬಿದ್ದಿದ್ದರೆ ಟಿಬಿ ಮೆನಿಂಜೈಟಿಸ್ಸೇ (ಮೆದುಳಿನ ಪೊರೆಗೆ ತಗಲಿದ ಟಿಬಿ) ರಕ್ತನಾಳ ಮುಚ್ಚಿರಬಹುದು. ಹೃದಯದ ಕವಾಟಕ್ಕೆ ಸೋಂಕು ತಗಲಿ ಅದರ ಚೂರು ಮೆದುಳಿಗೆ ಹೋಗಿದ್ದರೂ ಹೀಗೇ ಜ್ವರದ ಜೊತೆ ಲಕ್ವ ಬರಬಹುದು. ಅಲ್ಲಿ ಆಂಟಿಬಯಾಟಿಕ್ ಶುರುಮಾಡುವ ಮುನ್ನ ಮೂರು ಸಲ ರಕ್ತ ತೆಗೆದು ಕಲ್ಚರ್‌ಗೆ ಕಳಿಸಬೇಕು. ಹೃದಯದ ಸೋಂಕಿನಿಂದ ಬಂದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಮೆದುಳಲ್ಲಿ ರಕ್ತಸ್ರಾವವಾಗುವ ಅಪಾಯವಿದೆ.