ಮಗು ಚೆನ್ನಾಗೇ ಅತ್ತಿತಲ್ಲ ಡಾಕ್ಟ್ರೇ, ಮತ್ಯಾಕೆ ಎನ್‌ಐಸಿಯು?

ಹೆರಿಗೆ ರೂಮಿನ ಹೊರಗಡೆ ಈ ಪ್ರಶ್ನೆ ಹೆಚ್ಚಾಗಿ ಕೇಳೋದು ಅಜ್ಜಿನೇ. ಮಗು 2.2 ಕೆಜಿ ಇದೆ, ಕೈಕಾಲು ಆಡಿಸ್ತಿದೆ, 34 ವಾರಕ್ಕೇ ಹುಟ್ಟಿದೆ ಅನ್ನೋದು ಬಿಟ್ರೆ ಏನೂ ತೊಂದ್ರೆ ಕಾಣ್ತಿಲ್ಲ, ಆದ್ರೂ ತಾಯಿ ಕೈಗೆ ಕೊಡದೆ ಒಳಗೆ ಎನ್‌ಐಸಿಯುಗೆ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ತಗೊಂಡ್ ಹೋದ್ರಲ್ಲ ಅಂತ. ದುಡ್ಡಿಗೋಸ್ಕರ ಇರ್ಬೇಕು ಅನ್ನೋ ಅನುಮಾನಾನೂ ಜೊತೆಗಿರುತ್ತೆ, ಕೂತು ವಿವರಿಸಿ ಹೇಳೋರು ಇಲ್ದಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ.

ಹೊಟ್ಟೆಯೊಳಗಿದ್ದಾಗ ಮಗುಗೆ ಆಕ್ಸಿಜನ್, ಊಟ, ಬಿಸಿ ಎಲ್ಲಾ ತಾಯಿದೇ. ಹುಟ್ಟಿದ ಕೆಲವೇ ನಿಮಿಷದಲ್ಲಿ ಶ್ವಾಸಕೋಶದ ನೀರು ಖಾಲಿಯಾಗಿ ಗಾಳಿ ತುಂಬ್ಬೇಕು, ರಕ್ತ ಓಡೋ ದಾರಿ ಬದಲಾಗ್ಬೇಕು, ಮೈ ಬಿಸಿ ತಾನೇ ಕಾಯ್ದ್ಕೋಬೇಕು. ಬಹುತೇಕ ಮಕ್ಕಳು ಮಾಡ್ಕೊಳ್ತವೆ. ಕೆಲವಕ್ಕೆ ಆಗಲ್ಲ, ಆಗೋವರೆಗೂ ಆ ಕೆಲಸಕ್ಕೆ ನಾವು ಆಸರೆ ಕೊಡ್ತೀವಿ.

ಬೇಗ ಹುಟ್ಟಿದ ಮಕ್ಕಳಲ್ಲಿ ದೊಡ್ಡ ಚಿಂತೆ ಉಸಿರಾಟದ್ದು. ಶ್ವಾಸಕೋಶದ ಸಣ್ಣ ಸಣ್ಣ ಗಾಳಿಚೀಲಗಳ ಒಳಗೆ ಸರ್ಫ್ಯಾಕ್ಟೆಂಟ್ ಅಂತ ಒಂದು ಲೇಪ ಇರುತ್ತೆ, ಅದು ಸಾಕಷ್ಟು ಇಲ್ದಿದ್ರೆ ಒದ್ದೆಯಾದ ಪ್ಲಾಸ್ಟಿಕ್ ಕವರ್ ಒಳಗೇ ಅಂಟ್ಕೊಂಡ ಹಾಗೆ ಗಾಳಿಚೀಲ ಪ್ರತಿ ಸಲ ಮುಚ್ಕೊಳ್ಳುತ್ತೆ, ಮಗು ಒಂದೊಂದು ಉಸಿರಿಗೂ ಹೊಸದಾಗಿ ಒದ್ದಾಡ್ಬೇಕು. ಹುಟ್ಟಿದ ತಕ್ಷಣ ಜೋರಾಗಿ ಅತ್ತ ಮಗುನೇ ಒಂದೆರಡು ಗಂಟೆ ಕಳೆದ್ಮೇಲೆ ನರಳೋಕೆ ಶುರು ಮಾಡೋದು, ಪಕ್ಕೆ ಒಳಗೆ ಸೆಳ್ಕೊಳ್ಳೋದು ಇದಕ್ಕೇ. ಸಿಪ್ಯಾಪ್ ಅನ್ನೋ ಯಂತ್ರ ಹಾಕಿ ಒತ್ತಡದಲ್ಲಿ ಗಾಳಿ ಕೊಡ್ತೀವಿ, ಬೇಕಾದ್ರೆ ಸರ್ಫ್ಯಾಕ್ಟೆಂಟನ್ನೇ ಶ್ವಾಸನಾಳಕ್ಕೆ ಬಿಡ್ತೀವಿ. 34 ವಾರದೊಳಗೆ ಹೆರಿಗೆ ಆಗೋ ಲಕ್ಷಣ ಕಂಡ್ರೆ ತಾಯಿಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡ್ತಾರೆ, ಮಗುವಿನ ಶ್ವಾಸಕೋಶ ಬೇಗ ಪಕ್ವ ಆಗ್ಲಿ ಅಂತ, ಆದ್ರೆ ಅದು ಕೆಲಸ ಮಾಡೋಕೆ ಒಂದಿಷ್ಟು ಹೊತ್ತು ಬೇಕು, ಅದಕ್ಕೇ ದಯವಿಟ್ಟು ನೀರು ಹೋದ್ರೆ ಅಥವಾ ಬಿಟ್ಟು ಬಿಟ್ಟು ನೋವು ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ.

34 ವಾರದ ಮಗುಗೆ ಉಸಿರು ಸರಿ ಇದ್ರೂ ಚೀಪೋದು, ನುಂಗೋದು, ಉಸಿರಾಡೋದು ಮೂರೂ ಹೊಂದ್ಕೊಂಡು ಬರೋದು ಆಗ ತಾನೇ ಶುರುವಾಗಿರುತ್ತೆ. ಹಾಲು ಸಾಲ್ದೆ ಶುಗರ್ ಇಳಿಯುತ್ತೆ, ಮೈ ತಣ್ಣಗಾಗುತ್ತೆ, ಕಾಮಾಲೆ ಏರುತ್ತೆ.

ತಿಂಗಳು ತುಂಬಿದ ಮಕ್ಕಳೂ ಬರ್ತಾರೆ. ತಾಯಿಗೆ ಶುಗರ್ ಇದ್ದು 4 ಕೆಜಿ ಇರೋ ಮಗುನ ನೋಡಿ ಎಲ್ರಿಗೂ ಖುಷಿ, ಆದ್ರೆ ಅದರ ಮೈಯಲ್ಲಿ ಇನ್ಸುಲಿನ್ ಜಾಸ್ತಿ ಇರುತ್ತೆ, ತಾಯಿಂದ ಬರ್ತಿದ್ದ ಸಕ್ಕರೆ ನಿಂತ್ಹೋಗಿದೆ, ಹಾಗಾಗಿ ಶುಗರ್ ದಿಢೀರಂತ ಬೀಳ್ಬಹುದು, ಫಿಟ್ಸ್ ಕೂಡ ಬರ್ಬಹುದು. ಹುಟ್ಟಿದಾಗ ಅಳದೆ ಮೆದುಳಿಗೆ ಆಕ್ಸಿಜನ್ ಕಮ್ಮಿಯಾದ ಕೆಲವು ಮಕ್ಕಳಿಗೆ 6 ಗಂಟೆಯೊಳಗೆ ಶುರು ಮಾಡಿ 72 ಗಂಟೆ ಮೈ ತಂಪಾಗಿ ಇಡೋ ಚಿಕಿತ್ಸೆ ಇದೆ, ಅಲ್ಲಿ ಗಂಟೆ ಗಂಟೆಯೂ ಲೆಕ್ಕಕ್ಕೆ ಬರುತ್ತೆ. ಸೋಂಕು ಇದ್ರೆ ಜ್ವರಾನೇ ಬರ್ಬೇಕು ಅಂತಿಲ್ಲ, ಹಾಲು ಬಿಟ್ಟು ಮಂಕಾಗಿ ಮಲಗಿದ್ರೂ ಸಾಕು ನಮಗೆ ಭಯ ಆಗೋಕೆ.

ಇನ್ನು ಬಾಣಂತಿ ಓಡಾಡ್ಬಾರ್ದು ಅಂತ ತಾಯಿನ ರೂಮಲ್ಲೇ ಕೂರಿಸ್ತೀರಲ್ಲ, ಅದು ಬೇಡ. ಅವಳ ಹಾಲು, ಅವಳ ಎದೆ ಎರಡೂ ಚಿಕಿತ್ಸೆನೇ. ಭಾರತದ ಆಸ್ಪತ್ರೆನೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಬಂದ ಅಧ್ಯಯನದಲ್ಲಿ, ತೂಕ ಕಮ್ಮಿ ಇರೋ ಮಕ್ಕಳನ್ನ ಸ್ಥಿರ ಆಗೋಕೂ ಕಾಯದೆ ಹುಟ್ಟಿದ ಕೂಡ್ಲೇ ತಾಯಿ ಎದೆಗೆ ಮೈಗೆ ಮೈ ತಾಗೋ ಹಾಗೆ ಕಟ್ಟಿದ್ರೆ ಸಾವು ಶೇಕಡಾ 25ರಷ್ಟು ಕಮ್ಮಿ ಆಗಿತ್ತು. ಅಮ್ಮನಿಗೆ ಆಗ್ದಿದ್ರೆ ಅಪ್ಪ ಕೂರ್ಲಿ, ಅಜ್ಜಿ ಕೂರ್ಲಿ.

ಖರ್ಚಿನ ಚಿಂತೆ ಇರೋರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು, ಅಂದ್ರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ ಇದೆ, ಅಲ್ಲಿ ಚಿಕಿತ್ಸೆ ಉಚಿತ.

ಡಿಸ್ಚಾರ್ಜ್ ಚೀಟಿಲಿ ಆರ್‌ಒಪಿ ಅಂತ ಬರೆದಿದ್ರೆ ಅದು ಬೇಗ ಹುಟ್ಟಿದ ಮಕ್ಕಳ ರೆಟಿನಾಗೆ, ಅಂದ್ರೆ ಕಣ್ಣಿನ ಒಳಪರದೆಗೆ ಬರೋ ತೊಂದ್ರೆ ಹುಡುಕೋ ಕಣ್ಣಿನ ಪರೀಕ್ಷೆ. 34 ವಾರದೊಳಗೆ ಹುಟ್ಟಿದ ಅಥವಾ 2 ಕೆಜಿಗಿಂತ ಕಮ್ಮಿ ಇದ್ದ ಮಕ್ಕಳಿಗೆ ಹುಟ್ಟಿ 30 ದಿನದೊಳಗೆ ಆಗ್ಲೇಬೇಕು, ತುಂಬಾ ಚಿಕ್ಕ ಮಕ್ಕಳಿಗೆ ಇನ್ನೂ ಮುಂಚೆ. ನಾಮಕರಣ ಮುಗೀಲಿ ಅಂತ ಮುಂದಕ್ಕೆ ಹಾಕ್ಬೇಡಿ, ರೆಟಿನಾ ಕಿತ್ತು ಬಂದ್ಮೇಲೆ ದೃಷ್ಟಿ ವಾಪಸ್ ತರೋದು ತುಂಬಾ ಕಷ್ಟ.