ಬಿಟ್‌ಕಾಯಿನ್ ಬಿದ್ದರೂ ಮತ್ತೆ ಏಳುತ್ತೆ, ಹಾಗಾದರೆ ಜನ ದುಡ್ಡು ಕಳೆದುಕೊಳ್ಳೋದು ಹೇಗೆ?

ಪ್ರಶ್ನೆ: ಬಿಟ್‌ಕಾಯಿನ್ ಎಷ್ಟೇ ಬಿದ್ದರೂ ಪ್ರತಿ ಸಲ ಮತ್ತೆ ಮೇಲೆ ಬಂದಿದೆ. ಕೊಂಡು ಸುಮ್ನೆ ಇಟ್ಟುಕೊಂಡರೆ ಸಾಕಲ್ವಾ? ಹಾಗಿದ್ದೂ ಕ್ರಿಪ್ಟೊದಲ್ಲಿ ಇಷ್ಟೊಂದು ಜನ ಕೈ ಸುಟ್ಟುಕೊಂಡದ್ದು ಯಾಕೆ?
(ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುತ್ತಿರುವ ಒಬ್ಬ ಓದುಗರು)

ಉತ್ತರ: ಬಿಟ್‌ಕಾಯಿನ್ ಅಂದರೆ ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ಡಿಜಿಟಲ್ ನಾಣ್ಯ, ಇಂಥವಕ್ಕೆಲ್ಲ ಸೇರಿ ಕ್ರಿಪ್ಟೊ ಅಂತಾರೆ. ಅದರ ಬೆಲೆ ಮೇಲೆ ಬಂದದ್ದು ನಿಜ. 2017ರ ಡಿಸೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ 20 ಸಾವಿರ ಡಾಲರ್ ಹತ್ತಿರ ಹೋಗಿತ್ತು. ಒಂದೇ ವರ್ಷದಲ್ಲಿ 3,200ರ ಆಸುಪಾಸಿಗೆ ಬಿತ್ತು. 2021ರ ನವೆಂಬರ್‌ನಲ್ಲಿ 69 ಸಾವಿರ ಮುಟ್ಟಿತು, ಮರುವರ್ಷ ಅದೇ ತಿಂಗಳು 16 ಸಾವಿರಕ್ಕಿಂತ ಕೆಳಗಿತ್ತು. 2024ರ ಡಿಸೆಂಬರ್‌ನಲ್ಲಿ ಲಕ್ಷ ಡಾಲರ್ ದಾಟಿತು. ಈ ಏರಿಳಿತದಲ್ಲಿ ನೀವು ಯಾವಾಗ ಒಳಗೆ ಬಂದಿರಿ ಅನ್ನೋದೇ ಎಲ್ಲ.

ಮತ್ತು ಹೆಚ್ಚಿನವರು ಬರೋದು ತುದಿಯಲ್ಲೇ. ಬೆಲೆ ತಳದಲ್ಲಿದ್ದಾಗ ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಯಾರೂ ಈ ಮಾತು ಎತ್ತೋದಿಲ್ಲ, ಯೂಟ್ಯೂಬ್‌ನಲ್ಲೂ ತಣ್ಣಗಿರುತ್ತೆ. ಅದು ಮೂರು ಪಟ್ಟು, ಐದು ಪಟ್ಟು ಆದ ಮೇಲೆ ಗೆಳೆಯನೊಬ್ಬ ಮೊಬೈಲ್‌ನಲ್ಲಿ ತನ್ನ ಲಾಭ ತೋರಿಸುತ್ತಾನೆ, ಆಗ ಎಲ್ಲರೂ ಆ್ಯಪ್ ಹಾಕಿಕೊಳ್ಳುತ್ತಾರೆ. ಕೇಂದ್ರ ಬ್ಯಾಂಕ್‌ಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಬ್ಯಾಂಕ್ ಫಾರ್ ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟ್ಸ್‌ನ ಸಂಶೋಧಕರು 2015ರಿಂದ 2022ರವರೆಗೆ 95 ದೇಶಗಳಲ್ಲಿ ಕ್ರಿಪ್ಟೊ ಆ್ಯಪ್‌ಗಳ ಡೌನ್‌ಲೋಡ್ ನೋಡಿ ಇದನ್ನೇ ಕಂಡುಕೊಂಡರು: ಬೆಲೆ ಏರಿದ ಮೇಲೆ ಹೊಸಬರು ಬರುತ್ತಾರೆ, ಸಣ್ಣ ಹೂಡಿಕೆದಾರರು ಕೊಳ್ಳುತ್ತಿರುವಾಗ ಭಾರಿ ಹೂಡಿಕೆದಾರರು ಮಾರುತ್ತಿರುತ್ತಾರೆ. ಸುಮಾರು ಮುಕ್ಕಾಲು ಪಾಲು ಜನ ನಷ್ಟ ಮಾಡಿಕೊಂಡಿರಬೇಕು ಅಂತ ಅವರ ಅಂದಾಜು.

ಇಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿ ನೆನಪಿಗೆ ಬರುತ್ತೆ. ಒಂದು ವರ್ಷ ದರ ಚೆನ್ನಾಗಿ ಸಿಕ್ಕರೆ ಮರುವರ್ಷ ಎಲ್ಲರೂ ಮೆಣಸಿನಕಾಯಿಯನ್ನೇ ಹಾಕುತ್ತಾರೆ, ಆವಕ ಜಾಸ್ತಿಯಾಗಿ ದರ ಕುಸಿಯುತ್ತೆ. ಬಿಟ್‌ಕಾಯಿನ್ ಹಾಗಲ್ಲ. ಬೆಲೆ ಎಷ್ಟೇ ಏರಿದರೂ ಅದನ್ನು ಜಾಸ್ತಿ ಬೆಳೆಯೋಕೆ ಆಗಲ್ಲ. ಒಟ್ಟು 2.1 ಕೋಟಿಗೆ ಮಿತಿ ಇದೆ, ಹೊಸದಾಗಿ ಹುಟ್ಟುವ ಕಾಯಿನ್‌ಗಳ ಪ್ರಮಾಣ 2012, 2016, 2020, 2024ರಲ್ಲಿ ಪ್ರತಿ ಸಲ ಅರ್ಧಕ್ಕೆ ಇಳಿದಿದೆ. ಹಾಗಾಗಿ ಬೆಲೆ ಏರಿದಾಗ ಬೆಳೆಯೋದು ಕೊಳ್ಳುವವರ ಸಂಖ್ಯೆ ಮಾತ್ರ, ಅದು ಬೆಲೆಯನ್ನು ಇನ್ನೂ ಮೇಲೆ ತಳ್ಳುತ್ತೆ, ಅದನ್ನು ನೋಡಿ ಇನ್ನಷ್ಟು ಜನ ಬರುತ್ತಾರೆ. ಹೊಸಬರು ಬರೋದು ನಿಂತ ದಿನ ಇದೇ ಚಕ್ರ ಉಲ್ಟಾ ತಿರುಗುತ್ತೆ. ಮೆಣಸಿನಕಾಯಿ ಎಷ್ಟೇ ಅಗ್ಗವಾದರೂ ಖಾರದಪುಡಿಗೆ ಕೊಳ್ಳುವವರು ಇದ್ದೇ ಇರುತ್ತಾರೆ. ಕಾಯಿನ್‌ಗೆ ಆ ಆಸರೆ ಇಲ್ಲ, ನಾಳೆ ಇನ್ನೊಬ್ಬ ಜಾಸ್ತಿ ಕೊಡುತ್ತಾನೆ ಅನ್ನೋ ನಂಬಿಕೆಯೇ ಅದರ ಬೆಲೆ. ಸಾಲ ಅಗ್ಗವಾಗಿದ್ದ 2020-21ರಲ್ಲಿ ಆ ನಂಬಿಕೆ ಉಬ್ಬಿತು, 2022ರಲ್ಲಿ ಅಮೆರಿಕ ಬಡ್ಡಿ ಏರಿಸಿದಾಗ ಇಳಿಯಿತು.

ಬಿಟ್‌ಕಾಯಿನ್ ಬೆಳೆಯೋಕೆ ಆಗಲ್ಲ ಅಂದೆ. ಆದರೆ ಹೊಸ ಹೆಸರಿನ ಕಾಯಿನ್ ಯಾರು ಬೇಕಾದರೂ ಹುಟ್ಟಿಸಬಹುದು! ನನಗೆ ನಿಜಕ್ಕೂ ಸಿಟ್ಟು ಬರೋದು ಇಲ್ಲಿ. ತಡವಾಗಿ ಬಂದವರಿಗೆ 'ಬಿಟ್‌ಕಾಯಿನ್ ದುಬಾರಿಯಾಯ್ತು, ಇದು ಇನ್ನೂ ಅಗ್ಗ' ಅಂತ ಟೆಲಿಗ್ರಾಂ ಗುಂಪುಗಳಲ್ಲಿ ಇವನ್ನೇ ಮಾರುತ್ತಾರೆ. ನೀವು ಹೇಳಿದ 'ಬಿದ್ದರೂ ಏಳುತ್ತೆ' ಅನ್ನೋ ಮಾತು ಇವಕ್ಕೆ ಅನ್ವಯಿಸೋದೇ ಇಲ್ಲ. 2022ರ ಮೇ ಶುರುವಿನಲ್ಲಿ 80 ಡಾಲರ್ ಆಸುಪಾಸಿನಲ್ಲಿದ್ದ ಲೂನಾ ಅನ್ನೋ ಕಾಯಿನ್ ಎರಡು ವಾರದೊಳಗೆ ಒಂದು ಸೆಂಟ್‌ಗಿಂತ ಕೆಳಗಿತ್ತು, ಇನ್ನೂ ಎದ್ದಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ, ಕಾಯಿನ್ ಕೊಳ್ಳುವ-ಮಾರುವ ಎಫ್‌ಟಿಎಕ್ಸ್ ಎಂಬ ದೊಡ್ಡ ಎಕ್ಸ್‌ಚೇಂಜೇ ದಿವಾಳಿಯಾಯಿತು.

ಇನ್ನು ಸುಮ್ನೆ ಇಟ್ಟುಕೊಳ್ಳೋ ಮಾತು. 2017ರ ತುದಿಯಲ್ಲಿ ಕೊಂಡವರು ಡಾಲರ್ ಲೆಕ್ಕದಲ್ಲಿ ಅಸಲು ನೋಡೋಕೆ ಮೂರು ವರ್ಷ ಕಾಯಬೇಕಾಯಿತು. ನಡುವೆ ಲಕ್ಷ ರೂಪಾಯಿ ಹದಿನಾರು, ಹದಿನೇಳು ಸಾವಿರ ಆಗಿತ್ತು. ಬೇರೆ ಆದಾಯ ಇದ್ದವರು ಕಾಯುತ್ತಾರೆ. ಊರಿಂದ ಬಂದ ದುಡ್ಡಿನಲ್ಲಿ ರೂಮ್ ಬಾಡಿಗೆ, ಮೆಸ್, ಕೋಚಿಂಗ್ ಫೀ ಕಟ್ಟಬೇಕಾದವರು ಎಲ್ಲಿಂದ ಕಾಯ್ತಾರೆ? ಅವರು ಮಾರೋದು ತಳದಲ್ಲೇ. ಸಾಲ ಮಾಡಿ ಕೈದುಡ್ಡಿನ ಹತ್ತು ಪಟ್ಟು ಮೊತ್ತಕ್ಕೆ ಫ್ಯೂಚರ್ಸ್ (ಬೆಲೆ ಏರುತ್ತೆ ಅಂತ ಮುಂಗಡವಾಗಿ ಕಟ್ಟುವ ಬಾಜಿ) ಆಡುವವರಿಗಂತೂ ಶೇ 10 ಬಿದ್ದರೆ ಆಟ ಮುಗಿಯಿತು, ಆಮೇಲೆ ಬೆಲೆ ಎದ್ದರೂ ಅವರಿಗೇನೂ ಸಿಗಲ್ಲ.

ನಮ್ಮ ತೆರಿಗೆಯನ್ನೂ ಲೆಕ್ಕಕ್ಕೆ ತಗೊಳ್ಳಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ ಇದೆ, ಅದರ ಮೇಲೆ ಸೆಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋಕೆ ಬಿಡೋದಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಒಂದರಲ್ಲಿ 50 ಸಾವಿರ ಗಳಿಸಿ ಇನ್ನೊಂದರಲ್ಲಿ 50 ಸಾವಿರ ಕಳೆದುಕೊಂಡರೆ ಕೈಯಲ್ಲಿ ಸೊನ್ನೆ, ಆದರೂ ಸೆಸ್ ಸೇರಿ 15,600 ರೂಪಾಯಿ ತೆರಿಗೆ ಕಟ್ಟಬೇಕು.